ಸೀಟಿನ ಕೆಳಗೆ ಎರಡು ಕೆಂಪು ಗೆರೆ

ಬೆರಳಿಗೆ ಆ ತೂತು ಸಿಕ್ಕಿದ ಕೂಡಲೇ ಸೀಟಕ್ಕನ ಕೈ ಅಲ್ಲೇ ನಿಂತಿತು.

ಬೈಕಿನ ಸೀಟು ಬಿಚ್ಚಿ ನೆಲದ ಮೇಲಿಟ್ಟಾಗಿತ್ತು. ಹರಿದ ರೆಕ್ಸಿನ್ ಕಿತ್ತು ಹೊಸದು ಹೊಲಿದು ಕೊಡುವುದಷ್ಟೇ ಅವಳ ಕೆಲಸ. ಹಿಂದಿನ ಮಡ್‌ಗಾರ್ಡು, ಲೈಟು, ನಂಬರ್ ಪ್ಲೇಟು, ಅವೆಲ್ಲ ಪಕ್ಕದ ಗ್ಯಾರೇಜು ನಡೆಸುವ ಗಂಡನ ಅಣ್ಣನ, ಅಂದರೆ ಭಾವನ ಪಾಲಿನವು. ಆದರೂ ಸೀಟಿನಡಿ ಕೂತಿದ್ದ ಧೂಳು ನೋಡಲಾರದೆ ಬಟ್ಟೆ ಹಿಡಿದು ಒರೆಸತೊಡಗಿದ್ದಳು. ಹಿಂಬದಿಯ ಕಬ್ಬಿಣದ ಪಟ್ಟಿಯಲ್ಲಿ ಸಾಲಾಗಿ ನಾಲ್ಕು ತೂತು ಸಿಕ್ಕವು. ಐದನೆಯದು ಸಾಲು ತಪ್ಪಿ ಓರೆಯಾಗಿ ಬಿದ್ದಿತ್ತು. ಕೆಲಸಕ್ಕೆ ಬಾರದ ತೂತು. ಆದರೂ ಅದರ ಅಂಚನ್ನು ಯಾರೋ ಅರ ಹಾಕಿ ಉಜ್ಜಿ, ಅಂಗಿಯ ಗುಂಡಿಯ ಅಂಚಿನಷ್ಟು ನುಣುಪು ಮಾಡಿದ್ದರು.

ಆ ತೂತು ಬಿದ್ದ ದಿನ ಟಾರ್ಚು ಹಿಡಿದು ನಿಂತಿದ್ದವಳು ಅವಳೇ.

ಮೂರು ವರ್ಷದ ಹಿಂದಿನ ಮಾತು. ಅವಳ ಗಂಡ ತನ್ನ ಬೈಕಿನ ಉದ್ದನೆಯ ಮಡ್‌ಗಾರ್ಡು ಕಳಚಿ ಬದಿಗಿಟ್ಟು, ತಾನೇ ಬಗ್ಗಿಸಿದ ಚಿಕ್ಕ ಅಲ್ಯೂಮಿನಿಯಂ ಪಟ್ಟಿಯನ್ನು ಅಲ್ಲಿ ಕೂರಿಸುತ್ತಿದ್ದ. ನಂಬರ್ ಪ್ಲೇಟು ಸೀಟಿನಡಿಗೆ ಸೇರಬೇಕು, ಅದರ ಮೇಲೆ ತೆಳ್ಳಗಿನ ಎರಡು ಕೆಂಪು ಲೈಟು ಮಾತ್ರ ಕಾಣಬೇಕು, ಅದು ಅವನ ಆಸೆ.

"ಬಾಲ ಕತ್ತರಿಸಿದ್ರೆ ಗಾಡಿಗೆ ನಾಚಿಕೆ ಆಗಲ್ವೇನ್ರೀ?" ಎಂದಿದ್ದಳು.

ಅವನಿಗೆ ನಗು ತಡೆಯಲಾಗಲಿಲ್ಲ. ಡ್ರಿಲ್ಲು ಜಾರಿತು. "ನೋಡು, ನಗಿಸಿ ನಗಿಸಿ ತೂತು ಹಾಕಿಸ್ಬಿಟ್ಟೆ. ಇರ್ಲಿ, ಇದು ನಿನ್ ಪಾಲಿಂದು," ಎಂದು ಅದಕ್ಕೂ ಅರ ಹಿಡಿದು ಕೂತಿದ್ದ. ಯಾವ ಅಂಚನ್ನೂ ಒರಟಾಗಿ ಬಿಡಲಾರದ ಅವನಿಗೆ ಬೀದಿಯವರು ಇಟ್ಟಿದ್ದ ಹೆಸರು ಸಾಣೆ.

ಅದಾಗಿ ಕೆಲವೇ ದಿನಕ್ಕೆ, ಗ್ಯಾರೇಜಿನಿಂದ ಬೈಕು ತಗೊಂಡು ಒಂದು ಸುತ್ತು ಹೋಗಿ ಊಟಕ್ಕೆ ಬರುತ್ತೇನೆ ಎಂದು ಮನೆಯಿಂದ ಹೊರಟ ಸಾಣೆ ತಿರುಗಿ ಬಂದಿರಲಿಲ್ಲ. ಬೈಕೂ ಸಿಕ್ಕಿರಲಿಲ್ಲ.

ಅಂದಿನಿಂದ ಬೀದಿಯಲ್ಲಿ ಯಾವ ಬೈಕು ದಡಬಡಿಸಿದರೂ ಹೊಲಿಗೆ ಯಂತ್ರದ ಮೇಲಿನ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಸದ್ದು ದಾಟಿಹೋದ ಮೇಲೆ ಮತ್ತೆ ತುಳಿಯುವಳು. ಅವಳು ಹೊಲಿದ ಸೀಟುಗಳಲ್ಲಿ ಅಲ್ಲಲ್ಲಿ ಹೊಲಿಗೆ ದಪ್ಪವಾಗಿ ಗಂಟುಗಟ್ಟಿರುತ್ತಿತ್ತು. "ಏನಕ್ಕಾ, ಮಧ್ಯೆ ಮಧ್ಯೆ ನಿದ್ದೆ ಮಾಡ್ತೀಯಾ?" ಎಂದು ಗಿರಾಕಿಗಳು ಛೇಡಿಸಿದರೆ ಹೂಂ ಎಂದು ಸುಮ್ಮನಾಗುವಳು.

ಈಗ ಆ ಬೈಕೇ ಅವಳ ಅಂಗಡಿಯ ನಡುವೆ, ಸೀಟಿಲ್ಲದೆ ನಿಂತಿತ್ತು. ಕೆಂಪಗಿದ್ದ ಟ್ಯಾಂಕಿಗೆ ಯಾರೋ ಕಪ್ಪು ಬಣ್ಣ ಬಳಿದಿದ್ದರು.

ಅವಳು ಫೋನು ತೆಗೆದಳು.

*

ದೊಡ್ಡಮ್ಮ ಆಟೋದಿಂದ ಇಳಿಯುವಾಗಲೇ ತಮ್ಮ ಮೊಣಕಾಲನ್ನು ಬಯ್ಯುತ್ತಿದ್ದರು.

ಅವರು ಯಾರಿಗೂ ದೊಡ್ಡಮ್ಮ ಅಲ್ಲ. ಪೊಲೀಸ್ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಣೆಯಾದವರನ್ನು ಹುಡುಕುವುದು ಈಗಿನ ಕಸುಬು. ಅಳುತ್ತಾ ಬಂದವರನ್ನೆಲ್ಲ ಮೊದಲು ನೀರು ಕುಡಿಸಿ ಕೂರಿಸುವುದರಿಂದ ಆ ಹೆಸರು ಅಂಟಿಕೊಂಡಿತ್ತು. ಸಾಣೆಯನ್ನು ಹುಡುಕುವ ಕೆಲಸ ಅವರ ಕೈಗೆ ಬಂದು ಆಗಲೇ ವರ್ಷವಾಗಿತ್ತು.

"ತೂತು ತೋರಿಸೇ," ಎಂದರು.

ನೋಡಿದರು. ಬೆರಳಾಡಿಸಿದರು. ಆಮೇಲೆ ಹ್ಯಾಂಡಲಿನ ಕೆಳಗೆ ಟಾರ್ಚು ಬಿಟ್ಟು, ಚಾಸಿ ಮೇಲೆ ಕೊರೆದ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದರು. ಸೀಟಕ್ಕನಿಗೆ ಅದು ಬಾಯಿಪಾಠ. ಅವರು ಓದಿ ಮುಗಿಸುವ ಮೊದಲೇ ಅವಳ ತುಟಿ ಕೊನೆಯ ಅಂಕಿ ಹೇಳಿತ್ತು.

"ನಿನ್ನ ಗಂಡನ ಗಾಡೀನೇ ಕಣೆ."

"ಹಾಗಾದ್ರೆ ಅವರು?"

"ಗಾಡಿ ಸಿಕ್ತು ಅಂದ ಮಾತ್ರಕ್ಕೆ ಸವಾರ ಸಿಕ್ಕಿದ ಹಾಗಲ್ಲ. ಆಸೆ ಇಟ್ಕೋ, ಬೇಡ ಅನ್ನಲ್ಲ. ಆದ್ರೆ ಕುತ್ತಿಗೆಗೆ ಕಟ್ಕೋಬೇಡ. ಯಾರು ತಂದಿದ್ದು ಇದನ್ನ?"

"ಕಾಲುವೆ ಆಚೆ ಔಷಧಿ ಅಂಗಡಿ ಇದೆಯಲ್ಲ, ಆ ಹುಡುಗ. ಬೆಳಿಗ್ಗೆ ತಂದ. ಪ್ಲೇಟೇ ಇರ್ಲಿಲ್ಲ. ಹಿಂದಿನ ಉದ್ದ ಮಡ್‌ಗಾರ್ಡ್ ತೆಗೆದು ನೀಟಾಗಿ ಮಾಡ್ಕೊಡಿ, ಸಣ್ಣ ಪ್ಲೇಟು, ಸಣ್ಣ ಲೈಟು ಹಾಕಿ ಅಂದ. ಪರಿಚಯದವರ ಗಾಡಿ, ತನಗೆ ಕೊಟ್ಟಿದಾರೆ ಅಂದ. ಭಾವ ನೋಡಿದ್ರು, ಆಗಲ್ಲ ಅಂದ್ಬಿಟ್ರು."

"ಯಾಕಂತೆ?"

"ಸಾಮಾನು ಸಿಗಲ್ಲ ಅಂದ್ರು. ಆ ಹುಡುಗ ಬಿಡ್ಲಿಲ್ಲ. ಸಿಕ್ಕಾಗ ಮಾಡಿ, ಅಷ್ಟರಲ್ಲಿ ಅಕ್ಕ ಸೀಟಾದ್ರೂ ಹೊಲೀಲಿ ಅಂತ ಭಾವನ ಹತ್ರ ಮನೆ ವಿಳಾಸ ಬರೆದುಕೊಟ್ಟು ಇಲ್ಲೇ ನಿಲ್ಲಿಸಿ ಹೋದ."

"ನಿಮ್ಮ ಭಾವ ಬಂದ ಕೆಲಸ ವಾಪಸ್ ಕಳಿಸೋರಾ?"

ಸೀಟಕ್ಕ ಯೋಚಿಸಿದಳು. "ತುಕ್ಕು ಹಿಡಿದ ಸೈಕಲ್ ತಂದ್ರೂ ಇಟ್ಟು ಹೋಗಿ ಅಂತಾರೆ."

ದೊಡ್ಡಮ್ಮ ನೆಲದ ಮೇಲೆ ಗೋಣಿಚೀಲ ಹಾಸಿದರು. ದೇವರೇ ಎಂದು ಕೂತು, ದೇವರೇ ಎಂದು ಮಲಗಿ, ಮಡ್‌ಗಾರ್ಡಿನ ಅಡಿಗೆ ತಲೆ ತೂರಿಸಿದರು.

"ಇಲ್ಲೊಂದು ನೀಲಿ ತುಂಡು ಅಂಟಿಸಿದಾರೆ. ರೆಕ್ಸಿನ್ ಇದ್ದ ಹಾಗಿದೆ. ಎರಡು ಪದರ ಮಡಚಿ, ಸುತ್ತ ಹೊಲಿಗೆ ಹಾಕಿದೆ."

ಸೀಟಕ್ಕ ಅವರ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟಳು. "ಅದು ನಾನು ಹೊಲಿದಿದ್ದು. ಮಡ್‌ಗಾರ್ಡ್ ಗಡಗಡ ಅಂತಿತ್ತು ಅಂತ ಅವರೇ ಕೇಳಿ ಹಾಕಿಸ್ಕೊಂಡಿದ್ರು. ದೊಡ್ಡಮ್ಮಾ, ಇದು ಅವತ್ತು ಬಿಚ್ಚಿದ ಮಡ್‌ಗಾರ್ಡೇ. ಗ್ಯಾರೇಜಿನ ಗೋಡೆಗೆ ನೇತು ಹಾಕಿದ್ರು."

"ಅವನು ಹೋದ ಮೇಲೂ ಅಲ್ಲೇ ಇತ್ತಾ?"

"ನೋಡಿದ ನೆನಪಿಲ್ಲ. ಒಂದು ವಾರ ಕಳೆದ ಮೇಲೆ ಭಾವನ್ನ ಕೇಳಿದ್ದೆ. ಅವರು ಮುಟ್ಟಿದ್ದು ಏನಾದ್ರೂ ಮನೇಲಿರ್ಲಿ ಅನಿಸಿತ್ತು. ಗುಜರಿಗೆ ಹಾಕ್ಬಿಟ್ಟೆ ಅಂದ್ರು."

ದೊಡ್ಡಮ್ಮ ಮಲಗಿದಲ್ಲಿಂದಲೇ ವೈರುಗಳನ್ನು ನೋಡಿದರು. ಹಳೆಯ ಲೈಟಿನ ಜೋಡಣೆ ಅಚ್ಚುಕಟ್ಟಾಗಿತ್ತು. ಎಲ್ಲೂ ಹರಿದಿಲ್ಲ, ಟೇಪು ಸುತ್ತಿಲ್ಲ.

"ಕದ್ದವನು ಇಷ್ಟು ಮುದ್ದು ಮಾಡಿ ಬಾಲ ಮತ್ತೆ ಕಟ್ಟಲ್ಲ," ಎಂದು ಗೊಣಗುತ್ತಾ ಎದ್ದರು. "ಚಂದದ ಬಾಲ ಬಿಚ್ಚಿ ಕೊಳಕು ಬಾಲ ಯಾಕೆ ಕಟ್ಟಿದ? ಗಾಡಿ ಯಾರ ಕಣ್ಣಿಗೋ ಗುರುತು ಸಿಗಬಾರದಿತ್ತು. ಹಿಂದಿನಿಂದ ನೋಡಿದವರ ಕಣ್ಣಿಗೆ."

ಅವರು ಫೋನು ಹಿಡಿದು ಬೀದಿಗೆ ಹೋದರು. ಠಾಣೆಯ ಹಳೆಯ ಜೊತೆಗಾರನೊಡನೆ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ನಿನ್ನ ಗಂಡ ಹೋದ ದಿನವೇ ಕಾಲುವೆ ರಸ್ತೇಲಿ ಒಬ್ಬ ಮುದುಕರಿಗೆ ಬೈಕು ಗುದ್ದಿತ್ತಂತೆ. ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಗುದ್ದಿದವನು ನಿಲ್ಲಲಿಲ್ಲ. ಒಬ್ಬ ಹಾಲಿನವನು ನೋಡಿದ್ದ. ಅವನು ಏನು ಹೇಳಿದ್ದ ಗೊತ್ತಾ? ‘ನಂಬರೇ ಕಾಣಲಿಲ್ಲ ಸಾರ್. ಸೀಟಿನ ಕೆಳಗೆ ಎರಡು ಕೆಂಪು ಗೆರೆ ಮಾತ್ರ ಕಂಡವು.’"

ಸೀಟಕ್ಕ ತಲೆಯಾಡಿಸಿದಳು. "ಇಲ್ಲ. ಅವರು ಅಂಥೋರಲ್ಲ. ನಾಯಿಮರಿ ಅಡ್ಡ ಬಂದ್ರೂ ಗಾಡಿ ನಿಲ್ಲಿಸಿ ಇಳಿಯೋರು."

"ನಾನೂ ಇನ್ನೂ ಏನೂ ಅಂದಿಲ್ಲ ಕಣೆ," ಎಂದರು ದೊಡ್ಡಮ್ಮ. "ನಿಮ್ಮ ಭಾವ ಎಲ್ಲಿ?"

*

ಭಾವ ಹೊರಗೆಲ್ಲೋ ಹೋಗಿ ಆಗಷ್ಟೇ ಗ್ಯಾರೇಜಿಗೆ ಕಾಲಿಟ್ಟಿದ್ದರು. ಅಂಗಿಯ ಬೆನ್ನೆಲ್ಲ ಬೆವರು. ಬಾಗಿಲಲ್ಲಿ ದೊಡ್ಡಮ್ಮನನ್ನು ಕಂಡವರು, ಏನೂ ಕೇಳುವ ಮೊದಲೇ, "ಆ ಗಾಡಿ ವಿಷಯ ನಂಗೇನೂ ಗೊತ್ತಿಲ್ಲಮ್ಮ," ಎಂದರು.

"ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಕೊಂಡ್ಯಲ್ಲಪ್ಪ," ಎಂದು ದೊಡ್ಡಮ್ಮ ಅಲ್ಲಿದ್ದ ಸ್ಟೂಲು ಎಳೆದುಕೊಂಡರು. "ಯಾವ ಗಾಡಿ ಅಂತ ನಾನು ಕೇಳೇ ಇಲ್ಲ."

ಭಾವ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಬಟ್ಟೆ ಅವರ ಹೆಗಲ ಮೇಲೇ ಇತ್ತು.

"ಭಾವ," ಎಂದಳು ಸೀಟಕ್ಕ. "ಮಡ್‌ಗಾರ್ಡು ಗುಜರಿಗೆ ಹಾಕಿದೆ ಅಂದಿದ್ರಿ."

"ಹೌದು ಕಣಮ್ಮ, ಹಾಕಿದ್ದೆ."

"ನಾನು ಹೊಲಿದ ನೀಲಿ ತುಂಡು ಅದರಲ್ಲಿ ಇನ್ನೂ ಇದೆ."

ಭಾವ ಬಣ್ಣದ ಡಬ್ಬಿಗಳ ಸಾಲಿಗೆ ಒರಗಿ ನಿಂತರು. ಒಂದು ಖಾಲಿ ಡಬ್ಬಿ ಉರುಳಿ ಬಾಗಿಲವರೆಗೂ ಹೋಯಿತು. ಯಾರೂ ಎತ್ತಲಿಲ್ಲ.

"ಕೊಟ್ಟವನು ನಾನೇ," ಎಂದರು ಕಡೆಗೆ. "ಅವನು ಅವತ್ತು ಯಾರಿಗೋ ಗುದ್ದಿ ಬಂದಿದ್ದ. ನಡುಗ್ತಿದ್ದ. ಸಣ್ಣ ಲೈಟು ನೋಡಿದೋರು ಗುರುತು ಹಿಡೀತಾರೆ ಅಂತ ನಾನೇ ಹಳೇದು ಕಟ್ಟಿ ಕಳಿಸ್ದೆ. ಸ್ವಲ್ಪ ದಿನ ಎಲ್ಲಾದ್ರೂ ಇರು ಅಂದೆ. ನಿನಗೆ ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂತ..."

"ಗುದ್ದಿದ್ದು ಯಾವ ಹೊತ್ತಲ್ಲಿ?" ಸೀಟಕ್ಕ ತಿರುಗಿ ದೊಡ್ಡಮ್ಮನನ್ನು ಕೇಳಿದಳು.

"ಶಾಲೆ ಗಂಟೆ ಹೊಡೀತಿತ್ತಂತೆ. ಮಕ್ಕಳನ್ನ ರಸ್ತೆ ದಾಟಿಸೋಕೆ ಅಂತ ಮುದುಕರು ನಡುವೆ ನಿಂತಿದ್ರಂತೆ."

ಸೀಟಕ್ಕ ಭಾವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಶಾಲೆ ಗಂಟೆ ಹೊಡೆದಾಗ ಅವರು ಮನೇಲಿದ್ರು ಭಾವ. ನನ್ನ ಮನೆ ಮೆಷಿನ್ನಿಗೆ ಎಣ್ಣೆ ಬಿಡ್ತಿದ್ರು. ಗಂಟೆ ಕೇಳಿ, ಅಯ್ಯೋ ಹೊತ್ತಾಯ್ತು ಅಂತ ಎದ್ದು ಪರದೆಗೇ ಕೈ ಒರೆಸ್ಕೊಂಡ್ರು. ನಾನು ಬೈದೆ. ಅದೇ ಕೊನೇ ಮಾತು. ಆ ಪರದೆ ನಾನು ಇನ್ನೂ ಒಗೆದಿಲ್ಲ."

ಸೀಟಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಗಾಡಿ ಆಗ ನಿಮ್ಮ ಹತ್ರ ಇತ್ತು," ಎಂದಳು.

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮೊದಲು ಭುಜ ಅಲುಗಿತು, ಆಮೇಲೆ ದನಿ ಬಂತು.

"ಹೊಸ ಲೈಟು ಹೇಗೆ ಉರಿಯುತ್ತೆ ನೋಡೋಣ ಅಂತ ತಗೊಂಡೆ ಕಣಮ್ಮ. ಕಾಲುವೆವರೆಗೂ ಹೋಗಿ ಬರೋಣ ಅಂತ. ಮಕ್ಕಳು ಅಡ್ಡ ಬಂದ್ವು, ತಪ್ಪಿಸೋಕೆ ಹೋದೆ, ಅವರು ನಡುವೆ ನಿಂತಿದ್ರು. ನಿಲ್ಲಬೇಕಿತ್ತು. ಕಾಲು ಬ್ರೇಕಿನ ಮೇಲೆ ಇತ್ತು, ಕೈ ಮಾತ್ರ ಆಕ್ಸಿಲರೇಟರ್ ತಿರುವಿತು. ಇಲ್ಲಿಗೆ ಬಂದು ನಿಂತಾಗ ಅವನು ಬಾಗಿಲಲ್ಲಿದ್ದ."

"ಏನಂದ್ರು?"

"ನನ್ನ ಬೈಯ್ಲಿಲ್ಲ. ನನ್ನ ಹೆಂಡತಿ ಆಗ ಬಾಣಂತಿ. ಮಗು ಇನ್ನೂ ಸರಿಯಾಗಿ ಕಣ್ಣೂ ಬಿಟ್ಟಿರ್ಲಿಲ್ಲ. ಅವನೇ ಗೋಡೆಯಿಂದ ಮಡ್‌ಗಾರ್ಡ್ ಇಳಿಸ್ದ. ‘ಗಾಡಿ ನನ್ ಹೆಸರಲ್ಲಿದೆ ಅಣ್ಣ, ಕೇಳ್ಕೊಂಡು ಬಂದ್ರೆ ನನ್ನ ಕೇಳ್ತಾರೆ. ನೀನು ಮನೆಗೆ ಹೋಗು’ ಅಂದ. ಅವನೇ ಕೂತು ಜೋಡಿಸ್ದ. ಆ ಹೊತ್ತಲ್ಲೂ ಸ್ಕ್ರೂ ಓರೆ ಹೋಗಬಾರದು ಅಂತ ಬಿಚ್ಚಿ ಬಿಚ್ಚಿ ಹಾಕ್ತಿದ್ದ."

ಭಾವ ಬಣ್ಣದ ಡಬ್ಬಿಗಳ ಹಿಂದೆ ಕೈ ಹಾಕಿ ಚೀಲದಲ್ಲಿ ಸುತ್ತಿದ್ದ ಏನನ್ನೋ ಹೊರಗೆಳೆದರು. ಬಿಚ್ಚಿದರೆ ಅಲ್ಯೂಮಿನಿಯಂ ಪಟ್ಟಿ. ಎರಡು ತೆಳ್ಳನೆ ಲೈಟುಗಳು ಅದರಲ್ಲೇ ಕೂತಿದ್ದವು. ನಂಬರ್ ಪ್ಲೇಟಿನ ಮೂಲೆ ಒಂದಿಷ್ಟು ಬಾಗಿತ್ತು.

ಸೀಟಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಂಚಿನುದ್ದಕ್ಕೂ ಹೆಬ್ಬೆರಳು ಸವರಿದಳು. ಎಲ್ಲೂ ಚುಚ್ಚಲಿಲ್ಲ.

"ನಿಮ್ಮ ಮಗಳು ಫೋಟೋ ತೋರಿಸಿ ‘ಚಿಕ್ಕಪ್ಪ’ ಅಂದಾಗಲೆಲ್ಲ ನೀವು ಎದ್ದು ಹೋಗ್ತಿದ್ರಿ. ತಮ್ಮನ್ನ ನೆನೆದು ಅಳ್ತಾರೆ ಪಾಪ ಅಂದ್ಕೊಂಡು ನಾನೇ ನಿಮಗೆ ಸಮಾಧಾನ ಹೇಳ್ತಿದ್ದೆ."

"ಹೊಟ್ಟೆಗೆ ಹಾಕ್ಕೋ ಅನ್ನೋ ಯೋಗ್ಯತೆ ನಂಗಿಲ್ಲ ತಾಯಿ."

"ಬದುಕಿದಾರಾ?"

ಭಾವ ತಲೆ ಎತ್ತಲಿಲ್ಲ.

"ಬದುಕಿದಾರಾ ಅಂತ ಕೇಳಿದೆ ಭಾವ. ಅಷ್ಟು ಹೇಳಿ. ಬೇರೆ ಎಲ್ಲ ಆಮೇಲೆ."

"ಒಂದೇ ಒಂದು ಸಲ ಫೋನ್ ಮಾಡಿದ್ದ. ಹೋಗಿ ಕೆಲವು ತಿಂಗಳಾಗಿತ್ತು. ನಾನು ಇಲ್ಲೇ, ಈ ಗೋಡೆ ಹತ್ರ ನಿಂತಿದ್ದೆ. ಚೆನ್ನಾಗಿದೀನಿ, ಒಂದು ಕೆಲಸ ಹಿಡಿದಿದೀನಿ, ಅದನ್ನ ಬಿಟ್ಟು ಬರೋ ಹಾಗಿಲ್ಲ ಅಂದ. ಆ ಕಡೆ ನೀನು ಹೊಲೀತಾ ಇದ್ದೆ. ಅವನಿಗೆ ಕೇಳಿಸ್ತು. ‘ಅಣ್ಣಾ, ಫೋನು ಗೋಡೆ ಹತ್ರ ಹಿಡಿ, ಮಾತಾಡಬೇಡ’ ಅಂದ. ಹಿಡಿದೆ. ನೀನು ನಿಲ್ಲಿಸೋವರೆಗೂ ಕೇಳ್ದ. ಆಮೇಲೆ ಇಟ್ಬಿಟ್ಟ."

ಸೀಟಕ್ಕನಿಗೆ ಆ ದಿನ ಯಾವುದೆಂದು ನೆನಪಾಗುವ ಬಗೆ ಇರಲಿಲ್ಲ. ಎಲ್ಲ ದಿನವೂ ಹೊಲಿದವಳು ಅವಳು. ಯಾವ ಸೀಟೋ, ಯಾವ ಬಣ್ಣದ ದಾರವೋ. ಗೋಡೆಯ ಆಚೆ ಅವನು ಇದ್ದ. ಗೊತ್ತಿದ್ದರೆ ದಾರ ಮುಗಿದರೂ, ಬಟ್ಟೆ ಮುಗಿದರೂ ಬರಿಯ ಯಂತ್ರವನ್ನೇ ತುಳಿಯುತ್ತಿದ್ದಳು. ಯಾಕೆ ನಿಲ್ಲಿಸಿದೆ? ನೀರು ಕುಡಿಯಲೋ? ಬೀದಿಯಲ್ಲಿ ಯಾವುದೋ ಬೈಕಿನ ಸದ್ದು ಕೇಳಿ, ಅವನೇ ಬಂದ ಎಂದುಕೊಂಡೋ?

ಅವಳು ಪಟ್ಟಿಯನ್ನು ಎದೆಗವಚಿಕೊಂಡು ಅಲ್ಲೇ ಟೈರುಗಳ ಮೇಲೆ ಕೂತಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಬೇರೆಯವರೆದುರು ಅತ್ತಳು. ದೊಡ್ಡಮ್ಮ ನೀರು ತಂದು ಪಕ್ಕದಲ್ಲಿಟ್ಟರು. ಕುಡಿ ಎನ್ನಲಿಲ್ಲ.

*

ಅಷ್ಟರಲ್ಲಿ ಔಷಧಿ ಅಂಗಡಿಯ ಹುಡುಗ ಓಡುತ್ತಾ ಬಂದ. ಚಪ್ಪಲಿಯೂ ಹಾಕಿರಲಿಲ್ಲ.

"ಅಕ್ಕಾ, ಅಣ್ಣ ಇಲ್ಲಿಗೇನಾದ್ರೂ ಬಂದ್ರಾ?"

"ಯಾವ ಅಣ್ಣ?" ಎಂದರು ದೊಡ್ಡಮ್ಮ.

"ಈ ಗಾಡಿ ಕೊಟ್ಟ ಅಣ್ಣ. ನಮ್ಮಪ್ಪನ್ನ ನೋಡ್ಕೊಳ್ಳೋರು. ಅವರೇ ಹೇಳಿದ್ದು, ಇದೇ ಗ್ಯಾರೇಜಿಗೆ ಕೊಡು, ಸೀಟು ಪಕ್ಕದ ಸೀಟಕ್ಕನ ಕೈಯಲ್ಲೇ ಹೊಲಿಸು, ಬೇರೆ ಎಲ್ಲೂ ಹೋಗ್ಬೇಡ ಅಂತ."

ಸೀಟಕ್ಕ ಎದ್ದು ನಿಂತಳು.

"ನಿಮ್ಮಪ್ಪ ಏನ್ ಕೆಲಸದಲ್ಲಿದ್ರಪ್ಪಾ?" ದೊಡ್ಡಮ್ಮನ ಮಾತು ನಿಧಾನವಾಗಿ ಬಂತು.

"ಲೈಬ್ರರೀಲಿದ್ರು. ಮೂರು ವರ್ಷದ ಹಿಂದೆ ಯಾರೋ ಗುದ್ದಿ ಹೋದ್ರು, ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಈ ಅಣ್ಣ ಕೆಲಸ ಕೇಳ್ಕೊಂಡು ಬಂದ್ರು. ಸಂಬಳ ಬೇಡ, ಊಟ ಸಾಕು ಅಂದ್ರು. ಅಪ್ಪನ್ನ ಎತ್ತೋದು, ತೊಳೆಯೋದು, ಪೇಪರ್ ಓದೋದು, ಎಲ್ಲ ಅವರೇ. ಹೊರಗೇ ಬರೋರಲ್ಲ. ಹೆತ್ತ ಮಗ ನಾನು, ನಾನೇ ಅಷ್ಟು ಮಾಡ್ಲಿಲ್ಲ ಅಕ್ಕಾ."

ಕಾಲುವೆ ಆಚೆ. ಸೀಟಕ್ಕನ ಅಂಗಡಿಯಿಂದ ಕಾಲುವೆ ಕಾಣುತ್ತಿತ್ತು. ಆ ಸೇತುವೆ ದಾಟಿ ಎಷ್ಟು ಸಲ ಓಡಾಡಿದ್ದಳೋ ಲೆಕ್ಕವಿಲ್ಲ. ಅವನಿದ್ದ ಮನೆಯ ಕಿಟಕಿಯ ಕೆಳಗೇ ನಡೆದಿರಬೇಕು.

"ಮನೆ ತೋರಿಸು," ಎಂದು ಅವಳು ಆಗಲೇ ಬೀದಿಗೆ ಇಳಿದಿದ್ದಳು. "ನಡಿ, ನಡಿ."

"ಅದೇ ಅಕ್ಕಾ ಹೇಳೋಕೆ ಬಂದಿದ್ದು. ಮನೇಲಿ ಯಾರೂ ಇಲ್ಲ. ನಾನು ಊಟಕ್ಕೆ ಹೋದಾಗ ಬಾಗಿಲು ಹಾರು ಹೊಡೆದಿತ್ತು. ಅಣ್ಣನೂ ಇಲ್ಲ, ಅಪ್ಪನೂ ಇಲ್ಲ. ವೀಲ್‌ಚೇರು ಮಾತ್ರ ಹೊಸ್ತಿಲಲ್ಲಿ ಮಗುಚಿ ಬಿದ್ದಿದೆ. ಅದಿಲ್ಲದೆ ಅಪ್ಪ ಒಂದು ಮಾರು ಅಲ್ಲಾಡೋಕಾಗಲ್ಲ!" ಹುಡುಗನ ದನಿ ಒಡೆಯಿತು. "ಪಕ್ಕದ ಮನೆಯವರು ಒಬ್ಬರನ್ನ ನೋಡಿದಾರೆ. ಗೇಟಿನಿಂದ ಓಡಿ ಹೋದ್ರಂತೆ. ಕೈಯೆಲ್ಲ ಗ್ರೀಸಾಗಿತ್ತಂತೆ."

ಮೂವರ ಕಣ್ಣೂ ಒಟ್ಟಿಗೆ ಭಾವನ ಕೈಗಳ ಮೇಲೆ ಬಿದ್ದವು.

"ನಾನೇ ಹೋಗಿದ್ದು," ಎಂದರು ಭಾವ. "ಗಾಡಿ ನೋಡಿದ ಮೇಲೆ ತಡೀಲಿಲ್ಲ. ಗಾಡಿ ಬಂದ ಮನೇಲೇ ತಮ್ಮನೂ ಇರ್ಬೇಕು ಅಂತ, ಇವನು ಕೊಟ್ಟ ವಿಳಾಸ ಹಿಡ್ಕೊಂಡು ನೋಡೋಕೆ ಹೋದೆ. ಕಾಲಿಗೆ ಬೀಳೋಣ ಅಂತ ಹೋದೆ. ಆಣೆ ಮಾಡಿ ಹೇಳ್ತೀನಿ, ನಾನು ಹೋದಾಗಲೇ ಕುರ್ಚಿ ಮಗುಚಿತ್ತು. ಒಳಗೆ ಒಂದು ನರಪಿಳ್ಳೆ ಇರ್ಲಿಲ್ಲ. ಹೆದರಿ ಓಡಿ ಬಂದೆ."

"ನೀನು ಹೇಳಿದ್ದನ್ನ ಇನ್ನೊಂದು ಸಲ ನಂಬು ಅಂತೀಯಾ?" ಎಂದರು ದೊಡ್ಡಮ್ಮ.

"ನಂಬಬೇಡಿ. ಆದ್ರೆ ಅಡುಗೆಮನೆಗೆ ಹೋಗಿ ನೋಡಿ. ಒಲೆ ಆರಿಸಿ ಬಂದವನು ನಾನು. ಅವರು ಹೊರಟು ಐದು ನಿಮಿಷವೂ ಆಗಿರ್ಲಿಲ್ಲ." ಭಾವ ಸೀಟಕ್ಕನ ಮುಖವನ್ನೇ ನೋಡುತ್ತಾ ಹೇಳಿದರು. "ಹಾಲು ಆಗಷ್ಟೇ ಉಕ್ತಾ ಇತ್ತು ಕಣಮ್ಮ."